ಹಲ್ಲು ಮೂಡುವ ಕೂಸಿನ ಕೊರಳಿಗೆ ಅಂಬರ್ ಮಣಿಸರ ಹಾಕಬಹುದೇ?

ವಿದ್ಯಾನಗರದ ತಾಯಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಏಳನೆಯ ತಿಂಗಳು. ಕೆಳಗಿನ ವಸಡಿನ ಮುಂಭಾಗ ಊದಿಕೊಂಡಿದ್ದು, ಒಳಗಿನಿಂದ ಬಿಳಿಯ ಗೆರೆಯೊಂದು ಕಾಣಿಸತೊಡಗಿದೆ. ಹಗಲಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿ ಕಚ್ಚುತ್ತಾಳೆ. ರಾತ್ರಿ ನಿದ್ದೆಯಿಂದ ಎದ್ದು ಬಹಳ ಹೊತ್ತು ಅಳುತ್ತಾಳೆ. ಜರ್ಮನಿಯಲ್ಲಿ ನೆಲೆಸಿರುವ ನನ್ನ ನಾದಿನಿ ಅಂಬರ್ ಮಣಿಗಳ ಒಂದು ಪುಟ್ಟ ಸರವನ್ನು ಕಳುಹಿಸಿಕೊಟ್ಟಿದ್ದಾರೆ. ಅಲ್ಲಿ ಅನೇಕ ತಾಯಂದಿರು ಹಲ್ಲು ಬರುವ ಕಾಲದಲ್ಲಿ ಇದನ್ನು ಮಕ್ಕಳ ಕೊರಳಿಗೆ ಹಾಕುತ್ತಾರಂತೆ. ಮೈಯ ಬಿಸಿ ತಾಗಿದಾಗ ಮಣಿಗಳಿಂದ ಸಕ್ಸಿನಿಕ್ ಆಮ್ಲವೆಂಬ ವಸ್ತು ಹೊರಬಂದು, ಚರ್ಮದ ಮೂಲಕ ರಕ್ತವನ್ನು ಸೇರಿ, ನೋವು, ಜೊಲ್ಲು ಮತ್ತು ಜ್ವರವನ್ನು ತಗ್ಗಿಸುತ್ತದೆ ಎಂದು ಜೊತೆಗಿದ್ದ ಚೀಟಿಯಲ್ಲಿ ಬರೆದಿದೆ.

ನಮ್ಮ ಅತ್ತೆಯವರು ಕೂಸಿಗೆ ಕರಿಮಣಿ ಕಟ್ಟಿ ಬೆಳೆಸಿದವರಾದ್ದರಿಂದ, ಇದನ್ನೂ ಹಾಕಿದರೆ ತಪ್ಪೇನು ಎನ್ನುತ್ತಾರೆ. ನಮ್ಮ ಮನೆಯವರು ಬೇಡ ಎನ್ನುತ್ತಾರೆ, ಆದರೆ ಅವರ ಬಳಿಯೂ ಸರಿಯಾದ ಕಾರಣವಿಲ್ಲ. ಇದರಿಂದ ನಿಜವಾಗಿ ಉಪಯೋಗವಿದೆಯೇ, ಹಾಕಿದರೆ ಏನಾದರೂ ಅಪಾಯವಿದೆಯೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಎಂ.ಸಿ.ಸಿ. ಬ್ಲಾಕಿನ ತಂದೆ, ದಾವಣಗೆರೆ

ಅಕ್ಕ, ನಾನು ನನ್ನ ಮಗನಿಗೆ ಇದೇ ಬಗೆಯ ಸರವನ್ನು ಆನ್‌ಲೈನ್‌ನಲ್ಲಿ ತರಿಸಿ ಹಾಕಿದ್ದೇನೆ. ಹಾಕಿದ ಮೇಲೆ ಒಂದೆರಡು ದಿನ ಅಂಥ ವ್ಯತ್ಯಾಸ ಕಾಣಲಿಲ್ಲ. ಆ ವಾರ ಮುಗಿಯುವುದರೊಳಗೆ ಅವನ ಹಟ ಇಳಿದು, ರಾತ್ರಿ ನೆಮ್ಮದಿಯಾಗಿ ಮಲಗತೊಡಗಿದ. ಕಂಡಕಂಡ ಸಿರಪ್ಪುಗಳನ್ನು ಕುಡಿಸುವುದಕ್ಕಿಂತ ನೈಸರ್ಗಿಕವಾದ ಮಣಿಯನ್ನು ಹಾಕುವುದು ಮೇಲೆಂದು ನನಗೆ ಅನಿಸುತ್ತದೆ. ಯುರೋಪಿನಲ್ಲಿ ಇಷ್ಟು ಜನ ಬಳಸುತ್ತಿರುವ ವಸ್ತು ಅಪಾಯಕಾರಿಯಾಗಿದ್ದರೆ ಅಲ್ಲಿನ ಸರಕಾರಗಳು ಸುಮ್ಮನಿರುತ್ತಿದ್ದವೇ?

ರಸಾಯನಶಾಸ್ತ್ರ ಉಪನ್ಯಾಸಕ, ಚಿತ್ರದುರ್ಗ

ಚೀಟಿಯಲ್ಲಿರುವ ಮಾತಿನ ಒಂದು ಭಾಗ ನಿಜ, ಉಳಿದದ್ದು ನಿಜವಲ್ಲ. ಎರಡನ್ನೂ ಬಿಡಿಸಿ ಹೇಳುವುದು ಅಗತ್ಯ.

ಅಂಬರ್ ಕಲ್ಲಲ್ಲ. ಪುರಾತನ ಮರಗಳಿಂದ ಒಸರಿದ ರಾಳವು ಮಣ್ಣಿನಡಿ ಹುದುಗಿ, ಕೋಟ್ಯಂತರ ವರ್ಷಗಳಲ್ಲಿ ಗಟ್ಟಿಯಾಗಿ ರೂಪುಗೊಂಡ ವಸ್ತು ಅದು. ಮಕ್ಕಳ ಸರಗಳಿಗೆ ಬಳಸುವ ಬಾಲ್ಟಿಕ್ ಅಂಬರ್ ಪೋಲೆಂಡ್, ಲಿಥುವೇನಿಯಾ, ರಷ್ಯಾದ ಕಲಿನಿನ್‌ಗ್ರಾಡ್ ಮುಂತಾದ ಬಾಲ್ಟಿಕ್ ಸಮುದ್ರತೀರದ ಪ್ರದೇಶಗಳಲ್ಲಿ ದೊರೆಯುತ್ತದೆ. ಅದರ ವಯಸ್ಸು ಸುಮಾರು 4 ಕೋಟಿ ವರ್ಷ. ಅದರ ತೂಕದಲ್ಲಿ ಶೇಕಡ 3ರಿಂದ 8ರಷ್ಟು ಸಕ್ಸಿನಿಕ್ ಆಮ್ಲವಿರುವುದು ಸತ್ಯ. ಇಲ್ಲಿಯವರೆಗೆ ಮಾರಾಟಗಾರರ ಮಾತನ್ನು ಒಪ್ಪಬಹುದು.

ಆದರೆ ಆ ಆಮ್ಲ ಅಲ್ಲಿಂದ ಹೊರಬರುವುದು ಹೇಗೆ ಎಂಬುದೇ ಪ್ರಶ್ನೆ. ಜರ್ಮನಿಯ ಗಿಯೋರ್ಗಿಯುಸ್ ಅಗ್ರಿಕೋಲ 1546ರಷ್ಟು ಹಿಂದೆಯೇ ಅಂಬರಿನಿಂದ ಈ ವಸ್ತುವನ್ನು ಬೇರ್ಪಡಿಸಿದ್ದ. ಅದಕ್ಕಾಗಿ ಅವನು ಅಂಬರನ್ನು ತೀವ್ರವಾಗಿ ಕಾಯಿಸಿ ಬಟ್ಟಿ ಇಳಿಸಬೇಕಾಯಿತು. ಅಂಬರ್ ಮೆದುವಾಗುವುದಕ್ಕೇ 150 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿದ ಶಾಖ ಬೇಕು. ಸಕ್ಸಿನಿಕ್ ಆಮ್ಲ ಕರಗುವುದು ಸುಮಾರು 185 ಡಿಗ್ರಿಯಲ್ಲಿ. ಕೂಸಿನ ಮೈಯ ಒಳಗಿನ ಬಿಸಿಯೇ 37 ಡಿಗ್ರಿ, ಕೊರಳಿನ ಚರ್ಮದ ಮೇಲೆ ಅದಕ್ಕಿಂತಲೂ ಕಡಿಮೆ. ಅಷ್ಟು ಬಿಸಿಗೆ ಆಮ್ಲ ಬಿಟ್ಟುಕೊಡುವ ವಸ್ತುವಾಗಿದ್ದರೆ, ನಮ್ಮ ಕಡೆಯ ಏಪ್ರಿಲ್ ತಿಂಗಳ ಸೆಖೆಯಲ್ಲಿ ಮಣಿಗಳು ಅಂಗಡಿಯ ಪೆಟ್ಟಿಗೆಯೊಳಗೇ ಬರಿದಾಗಬೇಕಿತ್ತು. 4 ಕೋಟಿ ವರ್ಷ ಕಳೆದರೂ ಆಮ್ಲ ಅದರೊಳಗೇ ಉಳಿದಿದೆ ಎಂಬುದೇ ಅದು ಎಷ್ಟು ಗಟ್ಟಿಯಾಗಿ ಸಿಕ್ಕಿಕೊಂಡಿದೆ ಎಂಬುದಕ್ಕೆ ಸಾಕ್ಷಿ.

ಇದನ್ನು ತರ್ಕಕ್ಕೆ ಮಾತ್ರ ಬಿಡಬೇಕಾಗಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಮಕ್ಕಳ ಅಂಬರ್ ಸರಗಳನ್ನೇ ತಂದು ಪರೀಕ್ಷಿಸಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಚರ್ಮದ ನೀರಿನಂಶಕ್ಕೂ ಎಣ್ಣೆಯಂಶಕ್ಕೂ ಪ್ರತಿನಿಧಿಯಾಗಿ ಆರಿಸಿದ ಎರಡು ಬಗೆಯ ದ್ರವಗಳಲ್ಲಿ ಮಣಿಗಳನ್ನು ಬಹುಕಾಲ ಮುಳುಗಿಸಿಟ್ಟು ಅಳೆದರು. ನೀರಿನಂಥ ದ್ರವಕ್ಕೆ ಆಮ್ಲ ಇಳಿದದ್ದು ಕಂಡುಬರಲಿಲ್ಲ. ಎಣ್ಣೆಯಂಥ ದ್ರವದಲ್ಲಿ ಅತ್ಯಲ್ಪ ಪ್ರಮಾಣ ಕಂಡರೂ ಅದು ಮಣಿಗಳು ಚೂರಾಗಿ ಬಿರಿದುದರಿಂದ ಬಂದದ್ದು. ಸರದಿಂದ ಉರಿಯೂತ ಶಮನವಾಗುತ್ತದೆ ಎನ್ನಲು ಆಧಾರವಿಲ್ಲ ಎಂದೇ ಅವರು ಮುಗಿಸಿದ್ದಾರೆ.

ಇನ್ನೊಂದು ಮಾತು. ಸಕ್ಸಿನಿಕ್ ಆಮ್ಲ ನಮ್ಮ ದೇಹಕ್ಕೆ ಅಪರೂಪದ ವಸ್ತುವಲ್ಲ. ಆಹಾರದಿಂದ ಶಕ್ತಿ ಪಡೆಯುವಾಗ ಪ್ರತಿಯೊಂದು ಜೀವಕೋಶವೂ ಅದನ್ನು ತಾನೇ ತಯಾರಿಸಿಕೊಂಡು ಬಳಸಿಬಿಡುತ್ತದೆ. ಕೂಸಿನ ಮೈಯಲ್ಲೂ ಅದು ಸದಾ ಇದೆ. ಮೇಲಾಗಿ, ಸರದಿಂದ ನಿಜವಾಗಿಯೂ ಔಷಧ ಇಳಿಯುವುದಾದರೆ ಎಷ್ಟು ಇಳಿಯಿತೆಂದು ಯಾವ ತಾಯಿಗೂ ತಿಳಿಯುವುದಿಲ್ಲ. ಪ್ರಮಾಣ ಗೊತ್ತಿಲ್ಲದ ಔಷಧವನ್ನು ಹಗಲೂ ರಾತ್ರಿಯೂ ಹಸುಗೂಸಿಗೆ ಕೊಡುವುದನ್ನು ಯಾರೂ ಒಪ್ಪಲಾರರು. ಆದ್ದರಿಂದ ನೈಸರ್ಗಿಕ ಎಂಬ ವಾದ ಇಲ್ಲಿ ನೆರವಿಗೆ ಬರುವುದಿಲ್ಲ.

ಎಂ.ಸಿ.ಸಿ. ಬ್ಲಾಕಿನ ತಂದೆ, ದಾವಣಗೆರೆ

ಸರ್, ನಿಮ್ಮ ವಿವರಣೆಯನ್ನು ಗೌರವಿಸುತ್ತೇನೆ. ಪ್ರಯೋಗಶಾಲೆಯ ದ್ರವ ಬೇರೆ, ಮಗುವಿನ ಮೈ ಬೇರೆ. ನನ್ನ ಮಗ ಶಾಂತನಾದದ್ದನ್ನು ನಾನೂ ನನ್ನ ಹೆಂಡತಿಯೂ ಕಣ್ಣಾರೆ ಕಂಡಿದ್ದೇವೆ. ಅದಕ್ಕೆ ನೀವು ಏನು ಹೇಳುತ್ತೀರಿ?

ದಂತವೈದ್ಯೆ, ಪಿ.ಜೆ. ಬಡಾವಣೆ

ಅಣ್ಣ, ನೀವು ಕಂಡದ್ದು ಸುಳ್ಳೆಂದು ಯಾರೂ ಹೇಳುತ್ತಿಲ್ಲ. ಮಗು ಶಾಂತವಾಗಿರುವುದು ನಿಜ. ಅದಕ್ಕೆ ಸರ ಕಾರಣವೇ ಎಂಬುದನ್ನು ಮಾತ್ರ ಇಲ್ಲಿ ವಿಚಾರಿಸಬೇಕಾಗಿದೆ.

ಹಾಲುಹಲ್ಲುಗಳು ಒಟ್ಟು 20. ಸಾಮಾನ್ಯವಾಗಿ ಆರನೆಯ ತಿಂಗಳ ಆಸುಪಾಸಿನಲ್ಲಿ ಕೆಳಗಿನ ಎರಡು ಮುಂಬಾಚಿಹಲ್ಲುಗಳಿಂದ ಆರಂಭವಾಗಿ, ಎರಡೂವರೆಯಿಂದ ಮೂರು ವರ್ಷದೊಳಗೆ ಎಲ್ಲವೂ ಮೂಡುತ್ತವೆ. ಅಷ್ಟು ಕಾಲವೂ ಮಗು ನೋವಿನಲ್ಲೇ ಇರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 125 ಮಕ್ಕಳ ತಂದೆತಾಯಿಗಳಿಂದ ದಿನದಿನವೂ ಬರೆಸಿಕೊಂಡು ನಡೆಸಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಹಲ್ಲು ಹೊರಬರುವ ದಿನ, ಅದಕ್ಕೆ ಹಿಂದಿನ 4 ದಿನ, ನಂತರದ 3 ದಿನ, ಹೀಗೆ 8 ದಿನಗಳ ಅವಧಿಯಲ್ಲಿ ಮಾತ್ರ ಕಚ್ಚುವುದು, ಜೊಲ್ಲು ಸುರಿಸುವುದು, ವಸಡು ಉಜ್ಜಿಕೊಳ್ಳುವುದು, ಕಿರಿಕಿರಿ, ಗಟ್ಟಿ ಆಹಾರ ಬೇಡವೆನ್ನುವುದು ಮುಂತಾದವು ಹೆಚ್ಚಾಗುತ್ತವೆ ಎಂದು ಅದರಿಂದ ತಿಳಿದುಬಂದಿತು. ಈ ಲಕ್ಷಣಗಳಲ್ಲಿ ಯಾವೊಂದೂ ಶೇಕಡ 35ಕ್ಕಿಂತ ಹೆಚ್ಚಿನ ಮಕ್ಕಳಲ್ಲಿ ಕಾಣಲಿಲ್ಲ.

ಈಗ ಯೋಚಿಸಿ ನೋಡಿ. ತಂದೆತಾಯಿ ಸರವನ್ನು ಯಾವಾಗ ಹಾಕುತ್ತಾರೆ? ಮಗುವಿನ ಹಟ ತಾರಕಕ್ಕೇರಿದಾಗ. ಆ ಹೊತ್ತಿಗೆ ಎಂಟು ದಿನಗಳಲ್ಲಿ ಅರ್ಧ ಕಳೆದಿರುತ್ತದೆ. ಉಳಿದ ದಿನಗಳಲ್ಲಿ ನೋವು ತಾನಾಗಿಯೇ ಇಳಿಯುತ್ತದೆ. ನೀವು ಹೇಳಿದ ಒಂದು ವಾರದ ಲೆಕ್ಕ ಹಲ್ಲಿನ ಲೆಕ್ಕಕ್ಕೇ ಸರಿಹೊಂದುತ್ತದೆ. ಅದೇ ವಾರ ನೀವು ಏನೂ ಹಾಕದೆ ಬಿಟ್ಟಿದ್ದರೂ ಮಗ ಮಲಗುತ್ತಿದ್ದ ಎಂದೇ ನನ್ನ ತಿಳಿವಳಿಕೆ. ಜೊಲ್ಲಿನ ವಿಷಯವಂತೂ ಇನ್ನೂ ಸ್ಪಷ್ಟ: ಮೂರು ನಾಲ್ಕು ತಿಂಗಳ ಕೂಸಿಗೆ ಹಲ್ಲಿನ ಸುಳಿವೇ ಇಲ್ಲದಿದ್ದಾಗಲೂ ಜೊಲ್ಲು ಹೆಚ್ಚುತ್ತದೆ, ನುಂಗುವ ರೂಢಿ ಬಲಿತ ಮೇಲೆ ತಗ್ಗುತ್ತದೆ.

ಎಂ.ಸಿ.ಸಿ. ಬ್ಲಾಕಿನ ತಂದೆ, ದಾವಣಗೆರೆ

ಮೇಡಂ, ಇದನ್ನು ನಾನು ಪೂರ್ತಿಯಾಗಿ ಅಲ್ಲಗಳೆಯಲಾರೆ, ಪೂರ್ತಿಯಾಗಿ ಒಪ್ಪುವ ಮನಸ್ಸೂ ಬರುತ್ತಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಉಪಯೋಗವಿಲ್ಲವೆಂದೇ ಇಟ್ಟುಕೊಳ್ಳೋಣ, ನಷ್ಟವಾದರೂ ಏನು? ನಾವು ತಂದ ಸರದಲ್ಲಿ ಪ್ರತಿ ಮಣಿಯ ನಡುವೆ ಗಂಟು ಹಾಕಿದ್ದಾರೆ. ದಾರ ತುಂಡಾದರೂ ಒಂದೇ ಮಣಿ ಉದುರುತ್ತದೆ. ಕೊಕ್ಕೆಯೂ ಜಗ್ಗಿದರೆ ಬಿಟ್ಟುಕೊಳ್ಳುವಂಥದು. ಹಗಲಿನಲ್ಲಿ ನಮ್ಮ ಕಣ್ಣೆದುರಿಗೆ ಮಾತ್ರ ಹಾಕಿ, ಮಲಗಿಸುವಾಗ ತೆಗೆದರೆ ಸಾಲದೇ?

ಮಕ್ಕಳ ವಾರ್ಡಿನ ಶುಶ್ರೂಷಕಿ, ದಾವಣಗೆರೆ

ನಾನು ಬಹಳ ವರ್ಷಗಳಿಂದ ಈ ಊರಿನಲ್ಲಿ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. ನಷ್ಟವೇನು ಎಂಬ ಪ್ರಶ್ನೆಗೆ ನಾನು ಸ್ವಲ್ಪ ದೀರ್ಘವಾಗಿಯೇ ಉತ್ತರಿಸಬೇಕು, ಏಕೆಂದರೆ ಈ ಇಡೀ ಚರ್ಚೆಯ ಮುಖ್ಯ ಭಾಗ ಇದೇ ಎಂದು ನಾನು ನಂಬಿದ್ದೇನೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌.ಡಿ.ಎ., 2018ರ ಡಿಸೆಂಬರಿನಲ್ಲಿ ಹಲ್ಲು ಬರುವ ಮಕ್ಕಳ ಸರ ಮತ್ತು ಕೈಬಳೆಗಳ ಬಗ್ಗೆ ಸಾರ್ವಜನಿಕ ಎಚ್ಚರಿಕೆ ನೀಡಿತು. ಅಂಬರ್, ಮರ, ಸಿಲಿಕೋನ್, ಅಮೃತಶಿಲೆ, ಯಾವುದರಿಂದ ಮಾಡಿದ್ದಾದರೂ ಬಳಸಬಾರದೆಂದು ಅದರಲ್ಲಿ ಹೇಳಲಾಯಿತು. ಆ ಎಚ್ಚರಿಕೆಯಲ್ಲಿ ಎರಡು ಘಟನೆಗಳ ಉಲ್ಲೇಖವಿದೆ. 18 ತಿಂಗಳ ಮಗುವೊಂದು ಹಗಲು ನಿದ್ದೆಯಲ್ಲಿದ್ದಾಗ ಕೊರಳಲ್ಲಿದ್ದ ಅಂಬರ್ ಸರ ಬಿಗಿದು ತೀರಿಕೊಂಡಿತು. 7 ತಿಂಗಳ ಇನ್ನೊಂದು ಮಗು ಮರದ ಕೈಬಳೆಯ ಮಣಿಗಳು ಗಂಟಲಿಗೆ ಸಿಕ್ಕಿ ಆಸ್ಪತ್ರೆ ಸೇರಬೇಕಾಯಿತು; ಆ ಹೊತ್ತಿನಲ್ಲಿ ತಂದೆತಾಯಿ ಮಗುವನ್ನು ನೋಡಿಕೊಳ್ಳುತ್ತಲೇ ಇದ್ದರು. ಕಣ್ಣೆದುರಿಗೆ ಹಾಕಿದರೆ ಸಾಕು ಎಂಬ ಮಾತಿಗೆ ಈ ಎರಡನೆಯ ಘಟನೆಯೇ ಉತ್ತರ. ಹಸುಗೂಸುಗಳಿಗೆ ಯಾವುದೇ ಆಭರಣ ಬೇಡವೆಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆಯೂ ಹೌದು. ಅಲ್ಲಿನವರು ಸುಮ್ಮನಿದ್ದಾರೆ ಎಂದು ತಿಳಿಯಬೇಡಿ.

ಅಣ್ಣ, ನಿಮ್ಮ ಸರದ ಗಂಟು ಮತ್ತು ಕೊಕ್ಕೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ತಯಾರಕರಿಗೂ ಬಿಡಿಸಲಾಗದ ತೊಡಕೊಂದಿದೆ. ಮಣಿ ಉದುರಬಾರದೆಂದರೆ ದಾರ ಗಟ್ಟಿಯಿರಬೇಕು; ದಾರ ಗಟ್ಟಿಯಿದ್ದಷ್ಟೂ ಕೊರಳಿಗೆ ಬಿಗಿಯುವ ಭಯ ಹೆಚ್ಚು. ಕೊರಳಿಗೆ ಬಿಗಿಯಬಾರದೆಂದರೆ ದಾರವಾಗಲಿ ಕೊಕ್ಕೆಯಾಗಲಿ ಬೇಗ ಬಿಟ್ಟುಕೊಳ್ಳಬೇಕು. ಬಿಟ್ಟುಕೊಂಡರೆ ಇಡೀ ಸರ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಒಂದು ಅಪಾಯವನ್ನು ತಪ್ಪಿಸಲು ಹೋದರೆ ಇನ್ನೊಂದು ಎದುರಾಗುತ್ತದೆ. ಒಂದೇ ಮಣಿ ಉದುರುತ್ತದೆ ಎಂಬುದು ಸಮಾಧಾನದ ಮಾತಲ್ಲ. ಎಳೆಯ ಮಗುವಿನ ಉಸಿರಿನ ದಾರಿ ಎಷ್ಟು ಕಿರಿದಾಗಿರುತ್ತದೆಯೆಂದರೆ ಅದನ್ನು ಮುಚ್ಚಲು ಒಂದು ಮಣಿ ಸಾಕು. ಕೊಕ್ಕೆಯು ನಾವು ಕೈಯಿಂದ ಜಗ್ಗಿದಾಗ ಬಿಟ್ಟುಕೊಳ್ಳಬಹುದು. ತೊಟ್ಟಿಲ ಸರಳಿಗೋ, ಮಂಚದ ಮೂಲೆಗೋ, ಜೋಲಿಯ ಗಂಟಿಗೋ ಸರ ಸಿಕ್ಕಿಕೊಂಡು ಕೂಸು ಒಂದು ಪಕ್ಕಕ್ಕೆ ಜಾರಿದಾಗ ಬೀಳುವ ಭಾರ ಮಾತ್ರ ಬೇರೆ ಬಗೆಯದು. ಕೆಲವೊಮ್ಮೆ ಮಗುವೇ ತನ್ನ ಕೈಯನ್ನು ಸರದೊಳಗೆ ತೂರಿಸಿ, ಹೊರಳಿ, ಬಿಗಿ ಮಾಡಿಕೊಳ್ಳುತ್ತದೆ.

ಕೂಸಿನ ಕೊರಳು ಗಿಡ್ಡ, ಶ್ವಾಸನಾಳ ಮೆದು. ತಲೆಯನ್ನೆತ್ತಿ ಬಿಡಿಸಿಕೊಳ್ಳುವ ಬಲ ಅದಕ್ಕಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಉಸಿರು ಸಿಕ್ಕಿಬಿದ್ದ ಮಗು ಅಳುವುದಿಲ್ಲ. ಅಳಲು ಗಾಳಿ ಬೇಕು. ಪಕ್ಕದ ಕೋಣೆಯಲ್ಲಿ ಒಲೆಯ ಮುಂದಿರುವ ತಾಯಿಗೆ ಯಾವ ಸದ್ದೂ ಕೇಳಿಸದು. ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಆಗುವ ಹಾನಿಯನ್ನು ಆಮೇಲೆ ನಾವು ಯಾರೂ ಸರಿಪಡಿಸಲಾರೆವು.

ಔಷಧವೊಂದಕ್ಕೆ ಅಡ್ಡಪರಿಣಾಮವಿದ್ದರೂ ಅದರಿಂದ ಸಿಗುವ ಗುಣ ಹೆಚ್ಚೆಂದು ತೂಗಿ ನೋಡಿ ನಾವು ಕೊಡುತ್ತೇವೆ. ಇಲ್ಲಿ ತಕ್ಕಡಿಯ ಒಂದು ತಟ್ಟೆಯಲ್ಲಿ ಇಡಲು ಏನೂ ಇಲ್ಲ ಎಂಬುದನ್ನು ಉಪನ್ಯಾಸಕರು ತೋರಿಸಿಕೊಟ್ಟಿದ್ದಾರೆ. ಇನ್ನೊಂದು ತಟ್ಟೆಯಲ್ಲಿರುವುದು ಕೂಸಿನ ಉಸಿರು. ಆದ್ದರಿಂದ ದಯವಿಟ್ಟು ಹಗಲಿನಲ್ಲೂ ಹಾಕಬೇಡಿ.

ಹರಿಹರದ ಅಜ್ಜಿ

ಮೊಮ್ಮಗಳ ಕೈಯಿಂದ ಬರೆಸುತ್ತಿದ್ದೇನೆ. ನಾನು ಹೆತ್ತ ಮಕ್ಕಳಿಗೂ, ಅವರ ಮಕ್ಕಳಿಗೂ ದೃಷ್ಟಿ ತಾಗಬಾರದೆಂದು ಕರಿಮಣಿ ಕಟ್ಟಿದವಳು ನಾನು. ಸೊಂಟಕ್ಕೆ ಉಡುದಾರ, ಕೈಗೆ ಬಜೆಯ ಮಣಿ, ಕೊರಳಿಗೆ ತಾಯಿತ, ಇವೆಲ್ಲ ನಮ್ಮಲ್ಲಿ ಹಿಂದಿನಿಂದ ನಡೆದುಬಂದದ್ದು. ನರ್ಸಮ್ಮನವರು ಹೇಳಿದ್ದು ಅಂಬರಿಗೆ ಮಾತ್ರವೋ, ನಮ್ಮ ಕರಿಮಣಿಗೂ ತಾಯಿತಕ್ಕೂ ಅನ್ವಯಿಸುತ್ತದೆಯೋ? ಹಲ್ಲು ಬರುವ ಕೂಸಿಗೆ ನಾವು ಮಾಡುತ್ತಿದ್ದುದು ಇಷ್ಟೇ: ಕೈಯನ್ನು ಚೆನ್ನಾಗಿ ತೊಳೆದು ಬೆರಳಿನಿಂದ ವಸಡನ್ನು ಮೆಲ್ಲಗೆ ತಿಕ್ಕುವುದು, ಹಳೆಯ ಮೆತ್ತನೆಯ ಪಂಚೆಯ ತುಂಡನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ ಕಚ್ಚಲು ಕೊಡುವುದು, ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ಓಡಾಡಿಸುವುದು.

ಮಕ್ಕಳ ವಾರ್ಡಿನ ಶುಶ್ರೂಷಕಿ, ದಾವಣಗೆರೆ

ಅಮ್ಮ, ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ಕೊರಳಿಗೆ ಸಂಬಂಧಿಸಿದಂತೆ ಅಂಬರಿಗೂ ಕರಿಮಣಿಗೂ ತಾಯಿತದ ದಾರಕ್ಕೂ, ನಾಮಕರಣದಲ್ಲಿ ಹಾಕುವ ಚಿನ್ನದ ಸರಕ್ಕೂ ಒಂದೇ ಮಾತು. ಶಾಸ್ತ್ರದ ಹೊತ್ತಿಗೆ ಮಡಿಲಲ್ಲಿ ಕೂರಿಸಿಕೊಂಡು ಹಾಕಿ, ಶಾಸ್ತ್ರ ಮುಗಿದ ಕೂಡಲೇ ತೆಗೆದಿಡಿ. ತಾಯಿತದ ಮೇಲೆ ನಂಬಿಕೆಯಿರುವವರು ಅದನ್ನು ದೇವರ ಗೂಡಿನಲ್ಲೋ, ಕೂಸಿನ ಕೈಗೆಟುಕದಂತೆ ಮೇಲಿನ ಗೂಟದಲ್ಲೋ ಇಡಬಹುದು. ನಂಬಿಕೆಗೆ ಅದರಿಂದ ಕೊರತೆಯಾಗುವುದಿಲ್ಲ. ಉಡುದಾರ ಕೊರಳಿನ ದಾರದಷ್ಟು ಅಪಾಯಕಾರಿಯಲ್ಲ. ಮಗು ಬೆಳೆದಂತೆ ಬಿಗಿಯಾಗುತ್ತದೆ, ಆದ್ದರಿಂದ ಆಗಾಗ ನೋಡಿ ಸಡಿಲಿಸಬೇಕು, ಅದರಲ್ಲಿ ಮಣಿ ಪೋಣಿಸಬಾರದು. ಕೈಗೆ ಕಟ್ಟಿದ ಬಜೆಯ ಮಣಿ ಮಾತ್ರ ನೇರವಾಗಿ ಬಾಯಿಗೇ ಹೋಗುತ್ತದೆ, ಅದು ಬೇಡ.

ಹಲ್ಲಿಗೆ ನೀವು ಮಾಡುತ್ತಿದ್ದುದನ್ನೇ ಇಂದಿಗೂ ಮಕ್ಕಳ ವೈದ್ಯರು ಮೊದಲಿಗೆ ಹೇಳುತ್ತಾರೆ. ಬೆರಳಿನ ಒತ್ತಡ ಮತ್ತು ತಂಪು, ಇವೆರಡೂ ವಸಡಿನ ನೋವನ್ನು ನಿಜವಾಗಿ ತಗ್ಗಿಸುತ್ತವೆ. ಗಟ್ಟಿ ರಬ್ಬರಿನ ಕಚ್ಚುಬಳೆಯಿದ್ದರೆ ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ ಕೊಡಬಹುದು. ಫ್ರೀಜರಿನಲ್ಲಿಟ್ಟು ಕಲ್ಲಿನಂತಾಗಿಸಿದರೆ ವಸಡಿಗೇ ಪೆಟ್ಟಾಗುತ್ತದೆ. ಹಸಿ ಕ್ಯಾರೆಟ್ ಅಥವಾ ಸೌತೆಕಾಯಿಯ ತುಂಡನ್ನು ಕಚ್ಚಲು ಕೊಡುವ ರೂಢಿ ಕೆಲವು ಮನೆಗಳಲ್ಲಿದೆ. ಒಂದೇ ಹಲ್ಲಿರುವ ಕೂಸು ಕೂಡ ಅದರ ಚೂರನ್ನು ಮುರಿದುಕೊಂಡು ಗಂಟಲಿಗೆ ಸಿಕ್ಕಿಸಿಕೊಳ್ಳುತ್ತದೆ, ಆದ್ದರಿಂದ ಅದೂ ಬೇಡ. ವಸಡಿಗೆ ಜೇನು ಸವರುವವರಿಗೂ ಹೇಳುತ್ತೇನೆ: ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು, ಅದರಿಂದ ಬಾಟುಲಿಸಂ ಎಂಬ ಗಂಭೀರ ಕಾಯಿಲೆ ಬರಬಹುದು.

ಸರಾಫ್ ಅಂಗಡಿಯವರು, ಚೌಕಿಪೇಟೆ

ಒಂದು ಸಣ್ಣ ಮಾತನ್ನು ಸೇರಿಸುತ್ತೇನೆ. ಅಂಬರ್ ಎಂದು ಮಾರುವ ಮಣಿಗಳಲ್ಲಿ ಪ್ಲಾಸ್ಟಿಕ್ಕೂ ಗಾಜೂ, ಅಷ್ಟು ಹಳೆಯದಲ್ಲದ ಕೋಪಲ್ ಎಂಬ ರಾಳವೂ ಧಾರಾಳವಾಗಿ ಬೆರೆಯುತ್ತವೆ. ಗಟ್ಟಿಯಾಗಿ ಉಪ್ಪು ಕಲಸಿದ ನೀರಿನಲ್ಲಿ ನಿಜವಾದ ಅಂಬರ್ ತೇಲುತ್ತದೆ, ಗಾಜು ಮುಳುಗುತ್ತದೆ. ಆದರೆ ಕೋಪಲ್ ಕೂಡ ತೇಲುವುದರಿಂದ ಆ ಪರೀಕ್ಷೆಯನ್ನು ಪೂರ್ತಿ ನಂಬುವಂತಿಲ್ಲ. ಮೇಲಿನ ಚರ್ಚೆಯನ್ನು ಓದಿದ ಮೇಲೆ, ಅಸಲಿಯಾದರೂ ನಕಲಿಯಾದರೂ ಕೂಸಿನ ಕೊರಳಿಗೆ ಒಂದೇ ಎಂದು ನನಗೆ ಅರ್ಥವಾಗಿದೆ. ಅಸಲಿ ಎಂಬ ಖಾತರಿಪತ್ರವನ್ನು ಸುರಕ್ಷತೆಯ ಖಾತರಿಯೆಂದು ಯಾರೂ ತಿಳಿಯಬಾರದು.

ಆಶಾ ಕಾರ್ಯಕರ್ತೆ, ಹಿರಿಯೂರು ತಾಲ್ಲೂಕು

ಆ ಚೀಟಿಯಲ್ಲಿ ಜ್ವರವನ್ನೂ ತಗ್ಗಿಸುತ್ತದೆ ಎಂದು ಬರೆದಿರುವುದನ್ನು ಓದಿ ನನಗೆ ಬಹಳ ಕಳವಳವಾಯಿತು. ನಾವು ಮೂರನೆಯ ತಿಂಗಳಿನಿಂದ ಹದಿನೈದನೆಯ ತಿಂಗಳವರೆಗೆ ಮೂರು ತಿಂಗಳಿಗೊಮ್ಮೆ ಕೂಸುಗಳಿರುವ ಮನೆಗಳಿಗೆ ಹೋಗುತ್ತೇವೆ. ಆರನೆಯ ಮತ್ತು ಒಂಬತ್ತನೆಯ ತಿಂಗಳ ಭೇಟಿಗಳಲ್ಲಿ ನಾವು ಹೆಚ್ಚು ಕೇಳುವ ಮಾತೆಂದರೆ, ಇದು ಹಲ್ಲಿನ ಭೇದಿ, ಹಲ್ಲಿನ ಜ್ವರ, ಹಲ್ಲು ಬಂದ ಮೇಲೆ ತಾನಾಗಿ ನಿಲ್ಲುತ್ತದೆ ಎಂಬುದು. ಹೀಗೆಂದು ಕಾಯುತ್ತಾ ಕುಳಿತು, ಮಗು ಬಾಡಿಹೋದ ಮೇಲೆ ಆಸ್ಪತ್ರೆಗೆ ಓಡುವ ಕುಟುಂಬಗಳನ್ನು ನಾವು ಕಾಣುತ್ತಲೇ ಇದ್ದೇವೆ.

ಹಲ್ಲು ಬರುವ ಕಾಲಕ್ಕೇ ಈ ಕಾಯಿಲೆಗಳು ಏಕೆ ಬರುತ್ತವೆಂದು ನಮ್ಮ ತರಬೇತಿಯಲ್ಲಿ ವಿವರಿಸಿದ್ದಾರೆ. ತಾಯಿಯಿಂದ ಹುಟ್ಟುವಾಗಲೇ ಬಂದ ರೋಗನಿರೋಧಕ ಶಕ್ತಿ ಆರು ತಿಂಗಳ ಹೊತ್ತಿಗೆ ಬಹುಪಾಲು ಇಳಿದಿರುತ್ತದೆ. ಅದೇ ಹೊತ್ತಿಗೆ ಕೂಸು ಅಂಬೆಗಾಲಿಡಲು ಹವಣಿಸುತ್ತದೆ, ನೆಲದ ಮೇಲಿದ್ದುದನ್ನೆಲ್ಲ ಬಾಯಿಗೆ ಹಾಕುತ್ತದೆ, ಎದೆಹಾಲಿನ ಜೊತೆಗೆ ರಾಗಿ ಸರಿ, ಮೆತ್ತಗಿನ ಅನ್ನ ಶುರುವಾಗುತ್ತವೆ. ಕೈ, ಬಟ್ಟಲು, ನೀರು ಶುಚಿಯಾಗಿಲ್ಲದಿದ್ದರೆ ಸೋಂಕು ಒಳಗೆ ಹೋಗುತ್ತದೆ. ಎರಡೂ ಒಂದೇ ಕಾಲಕ್ಕೆ ಕೂಡಿಬರುವುದರಿಂದ ಹಲ್ಲಿನ ಮೇಲೆ ದೂರು ಬೀಳುತ್ತದೆ.

ಭೇದಿಯಾದರೆ ಓ.ಆರ್.ಎಸ್. ಕುಡಿಸಬೇಕು, ಎದೆಹಾಲನ್ನು ನಿಲ್ಲಿಸಬಾರದು, ಆರು ತಿಂಗಳು ತುಂಬಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಸತುವಿನ ಮಾತ್ರೆಯನ್ನು 14 ದಿನ ಕೊಡಬೇಕು; ಇವೆರಡನ್ನೂ ನಮ್ಮ ಬಳಿ ಕೇಳಿ ಪಡೆಯಬಹುದು. ಕಣ್ಣು ಗುಳಿಬಿದ್ದರೆ, ನೆತ್ತಿ ತಗ್ಗಿದರೆ, ಉಚ್ಚೆ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ, ಹಾಲು ಕುಡಿಯದೆ ಮಂಕಾಗಿ ಮಲಗಿದರೆ, ಕೊರಳಲ್ಲಿ ಯಾವ ಸರವಿದೆಯೆಂದು ನೋಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೊರಡಬೇಕು.

ದಂತವೈದ್ಯೆ, ಪಿ.ಜೆ. ಬಡಾವಣೆ

ಅಕ್ಕನವರ ಮಾತಿಗೆ ಪೂರಕವಾಗಿ ಹೇಳುತ್ತೇನೆ. ಹಲ್ಲು ಮೂಡುವ ಲಕ್ಷಣಗಳ ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು 2016ರಲ್ಲಿ ಬಂದಿತು. ವಸಡಿನ ಕೆರೆತ, ಕಿರಿಕಿರಿ, ಜೊಲ್ಲು, ಇವೇ ಮುಖ್ಯ ಲಕ್ಷಣಗಳೆಂದೂ, ಮೈ ಸ್ವಲ್ಪ ಬೆಚ್ಚಗಾಗಬಹುದೇ ಹೊರತು ಜ್ವರವೆನ್ನುವ ಮಟ್ಟಕ್ಕೆ ಏರುವುದಿಲ್ಲವೆಂದೂ ಅದರಲ್ಲಿ ಕಂಡುಬಂದಿದೆ. ಥರ್ಮಾಮೀಟರು 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದಕ್ಕೆ ಬೇರೆ ಕಾರಣ ಹುಡುಕಬೇಕು.

ಸರ ಬೇಡವೆಂದ ಮೇಲೆ ಕೆಲವರು ಔಷಧದಂಗಡಿಯಲ್ಲಿ ವಸಡಿನ ಜೆಲ್ ಕೇಳುತ್ತಾರೆ. ಬೆಂಜೊಕೇನ್ ಇರುವ ಜೆಲ್ಲನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು. ರಕ್ತವು ಆಮ್ಲಜನಕವನ್ನು ಸಾಗಿಸುವ ಶಕ್ತಿಯನ್ನೇ ಅದು ಕುಂದಿಸಬಲ್ಲದೆಂದು ಎಫ್‌.ಡಿ.ಎ. 2018ರ ಮೇ ತಿಂಗಳಲ್ಲಿ ಎಚ್ಚರಿಸಿದೆ. ಲಿಡೊಕೇನ್ ಇರುವುದೂ ಬೇಡ, ಲವಂಗದ ಎಣ್ಣೆಯೂ ಬೇಡ. ನೋವು ತೀರಾ ಹೆಚ್ಚಿ ಕೂಸು ಹಾಲನ್ನೇ ಕುಡಿಯದಿದ್ದರೆ, ಮಕ್ಕಳ ವೈದ್ಯರನ್ನು ಕೇಳಿ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಕೊಡಬಹುದು.

ಎಂ.ಸಿ.ಸಿ. ಬ್ಲಾಕಿನ ತಂದೆ, ದಾವಣಗೆರೆ

ಎಲ್ಲರ ಮಾತುಗಳನ್ನೂ ಮನೆಯಲ್ಲಿ ಓದಿ ಹೇಳಿದೆ. ಸರದಿಂದ ಏನೂ ಆಗಲಿಲ್ಲವೆಂದು ಹೇಳಲು ನನಗೆ ಈಗಲೂ ಮನಸ್ಸು ಒಪ್ಪುತ್ತಿಲ್ಲ. ಆದರೆ ಗಟ್ಟಿಯಾದರೆ ಬಿಗಿಯುತ್ತದೆ, ಸಡಿಲವಾದರೆ ಬಾಯಿಗೆ ಹೋಗುತ್ತದೆ ಎಂಬ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ಸರವನ್ನು ಬಿಚ್ಚಿ ಬೀರುವಿನಲ್ಲಿ ಇಟ್ಟಿದ್ದೇವೆ.

ವಿದ್ಯಾನಗರದ ತಾಯಿ, ದಾವಣಗೆರೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅತ್ತೆಯವರು ಹರಿಹರದ ಅಮ್ಮನವರ ಪ್ರಶ್ನೆಯನ್ನೂ ಅದಕ್ಕೆ ಬಂದ ಉತ್ತರವನ್ನೂ ಕೇಳಿ, ಕೊರಳಿಗೆ ಏನೂ ಬೇಡವೆಂದು ತಾವೇ ಹೇಳಿದರು. ನಾದಿನಿಯವರಿಗೆ ಫೋನಿನಲ್ಲಿ ವಿಷಯ ತಿಳಿಸಿದಾಗ, ಹಾಗಾದರೆ ಕಾಲಿಗೆ ಸುತ್ತಿ ಕಾಲುಚೀಲ ತೊಡಿಸಬಹುದಲ್ಲ ಎಂದು ಕೇಳಿದ್ದಾರೆ. ಅಲ್ಲಿ ಕೆಲವರು ಹಾಗೆ ಮಾಡುತ್ತಾರಂತೆ. ಅದಕ್ಕೂ ನಿಮ್ಮ ಅಭಿಪ್ರಾಯ ತಿಳಿಸಿರಿ. ಹಾಗೆಯೇ, ದೇವರು ಕಾಪಾಡಲಿ, ಯಾವುದಾದರೂ ಮಣಿ ಕೂಸಿನ ಗಂಟಲಿಗೆ ಸಿಕ್ಕಿದರೆ ಆ ಕ್ಷಣ ಏನು ಮಾಡಬೇಕೆಂಬುದನ್ನೂ ಹೇಳಿರಿ.

ಮಕ್ಕಳ ವಾರ್ಡಿನ ಶುಶ್ರೂಷಕಿ, ದಾವಣಗೆರೆ

ಕಾಲಿಗೂ ಬೇಡ ತಂಗಿ. ಏಳೆಂಟು ತಿಂಗಳ ಕೂಸು ತನ್ನ ಕಾಲ್ಬೆರಳನ್ನೇ ಬಾಯಿಗೆ ತಂದುಕೊಳ್ಳುತ್ತದೆ, ಕಾಲುಚೀಲವನ್ನು ಕಿತ್ತೆಸೆಯಲು ಅದಕ್ಕೆ ಹೊತ್ತು ಬೇಕಾಗಿಲ್ಲ. ಕೊರಳಿಗೆ ಬಿಗಿಯುವ ಭಯ ಮಾತ್ರ ತಪ್ಪುತ್ತದೆ, ಮಣಿಯ ಭಯ ಹಾಗೆಯೇ ಉಳಿಯುತ್ತದೆ. ಆ ಸರವನ್ನು ನಿಮ್ಮ ಕೈಗೂ ಸುತ್ತಿಕೊಳ್ಳಬೇಡಿ. ಎತ್ತಿಕೊಂಡಾಗ ಕೂಸು ಮೊದಲು ಹಿಡಿಯುವುದು ಅದನ್ನೇ.

ಎರಡನೆಯ ಪ್ರಶ್ನೆಗೆ ಉತ್ತರವನ್ನು ಮನೆಯವರೆಲ್ಲರೂ ಓದಿಕೊಳ್ಳಬೇಕು. ಮಗು ಗಟ್ಟಿಯಾಗಿ ಕೆಮ್ಮುತ್ತಿದ್ದರೆ ಅಥವಾ ಅಳುತ್ತಿದ್ದರೆ ಗಾಳಿ ಹೋಗುತ್ತಿದೆ ಎಂದರ್ಥ. ಕೆಮ್ಮಲು ಬಿಟ್ಟು ಪಕ್ಕದಲ್ಲೇ ಇರಿ. ಸದ್ದು ನಿಂತು, ತುಟಿ ನೀಲಿಯಾಗತೊಡಗಿದರೆ ಒಬ್ಬರು 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಒಂದು ವರ್ಷದೊಳಗಿನ ಕೂಸಾಗಿದ್ದರೆ ಅದನ್ನು ಮುಂದೋಳಿನ ಮೇಲೆ ಬೋರಲಾಗಿ, ತಲೆ ಮೈಗಿಂತ ಕೆಳಗಿರುವಂತೆ ಮಲಗಿಸಿಕೊಂಡು, ದವಡೆಗೆ ಕೈ ಆಸರೆ ಕೊಟ್ಟು, ಬೆನ್ನಿನ ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ 5 ಬಾರಿ ಬಲವಾಗಿ ತಟ್ಟಬೇಕು. ಹೊರಬರದಿದ್ದರೆ ಮಗುವನ್ನು ಅಂಗಾತ ತಿರುಗಿಸಿ, ತಲೆ ತಗ್ಗಿನಲ್ಲೇ ಇರುವಂತೆ ಹಿಡಿದು, ಎದೆಯ ನಡುಮೂಳೆಯ ಕೆಳಭಾಗದಲ್ಲಿ 5 ಬಾರಿ ಒತ್ತಬೇಕು. ವಸ್ತು ಹೊರಬರುವವರೆಗೂ ಇದನ್ನೇ ಒಂದಾದ ಮೇಲೊಂದರಂತೆ ಮಾಡುತ್ತಿರಬೇಕು. ಬಾಯಲ್ಲಿ ಮಣಿ ಕಣ್ಣಿಗೆ ಕಂಡರೆ ಮಾತ್ರ ತೆಗೆಯಿರಿ. ಕಾಣದೆ ಬೆರಳು ಹಾಕಿ ತಡಕಾಡಿದರೆ ಅದು ಇನ್ನೂ ಒಳಕ್ಕೆ ಹೋಗುತ್ತದೆ. ಕಾಲು ಹಿಡಿದು ತಲೆಕೆಳಗಾಗಿ ನೇತಾಡಿಸುವುದು, ನೀರು ಕುಡಿಸುವುದು, ಬಾಳೆಹಣ್ಣು ತಿನ್ನಿಸುವುದು ಯಾವುದೂ ಬೇಡ. ಕೂಸು ಪ್ರಜ್ಞೆ ತಪ್ಪಿದರೆ 108ರವರು ಫೋನಿನಲ್ಲಿ ಹೇಳಿದಂತೆ ಎದೆ ಒತ್ತುವುದನ್ನೂ ಉಸಿರು ಕೊಡುವುದನ್ನೂ ಆರಂಭಿಸಬೇಕು. ಮಣಿ ಹೊರಬಂದು ಮಗು ಚೆನ್ನಾಗಿದೆಯೆಂದು ಕಂಡರೂ ಅದೇ ದಿನ ವೈದ್ಯರಿಗೆ ತೋರಿಸಿರಿ.